ಐದು ಕೋವಿಗಳ ಮನೆ

ಮಲೆನಾಡಿನ ಅಡಕೆತೋಟದ ಮನೆಗಳಲ್ಲಿ ಕೋವಿಯೆಂಬುದು ಕತ್ತಿ, ಗುದ್ದಲಿ, ಹಾರೆಗಳಂತೆಯೇ ಒಂದು ಸಾಧನ. ಬಯಲುಸೀಮೆಯ ವಾಚಕರಿಗೆ ಇದು ವಿಚಿತ್ರವಾಗಿ ತೋರಬಹುದು. ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುತ್ತ ಆಯುಷ್ಯವನ್ನು ಕಳೆದ ಸಂಸ್ಕೃತದ ಉಪಾಧ್ಯಾಯನೊಬ್ಬನು ಕೋವಿಯನ್ನು ಕುರಿತು ಬರೆಯಹೊರಟಿರುವುದು ಅದಕ್ಕಿಂತಲೂ ವಿಚಿತ್ರವಾಗಿ ತೋರೀತು. ಆದರೆ ಮಂಗಗಳಿಗೂ ಕಾಡುಹಂದಿಗಳಿಗೂ ಪಂಡಿತನ ತೋಟ, ಪಾಮರನ ತೋಟ ಎಂಬ ಭೇದವಿಲ್ಲ. ಆದುದರಿಂದ ನಮ್ಮ ಮನೆಯಲ್ಲಿಯೂ ಕೋವಿಗಳಿದ್ದುವು. ಒಂದಲ್ಲ, ಎರಡಲ್ಲ, ಐದು.

ನಡುಮನೆಯ ಗೋಡೆಯ ಮೇಲೆ ಮರದ ಗೂಟಗಳಿಗೆ ಅವು ಸಾಲಾಗಿ ಒರಗಿರುತ್ತಿದ್ದುವು. ಎಲ್ಲಕ್ಕೂ ಮೇಲಿನದು ಅಜ್ಜನ ಕೇಪಿನ ಕೋವಿ. ಬಾಯಿಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಮೇಲೆ ಚರೆ ಹಾಕಿ ಸಿದ್ಧಪಡಿಸತಕ್ಕ ಹಳೆಯ ಕಾಲದ ಆಯುಧ. ಅದರ ಕೆಳಗೆ ಒಂಟಿನಳಿಗೆಯ ತೋಟಾ ಕೋವಿ, ಜೋಡುನಳಿಗೆಯದು ಒಂದು. ಇವೆರಡೂ ಹನ್ನೆರಡು ಬೋರಿನವು. ಒಂದು ಪೌಂಡು ಸೀಸವನ್ನು ಹನ್ನೆರಡು ಸಮನಾದ ಗುಂಡುಗಳನ್ನಾಗಿ ಎರೆದರೆ ಅವುಗಳಲ್ಲೊಂದು ಹಿಡಿಸುವಷ್ಟು ನಳಿಗೆಯ ಬಾಯಿ ಎಂಬುದೇ ಆ ಸಂಖ್ಯೆಯ ಅರ್ಥವೆಂದು ತೀರ್ಥರೂಪರು ನನಗೆ ಬಾಲ್ಯದಲ್ಲಿ ತಿಳಿಸಿದ್ದರು. ಅವುಗಳಿಗೂ ಕೆಳಗೆ ೨೨ರ ಸಣ್ಣ ರೈಫಲ್ ಒಂದು, ಬಂಗಾಳದ ಈಶಾಪುರದ ಕಾರ್ಖಾನೆಯಲ್ಲಿ ತಯಾರಾದ ೩೧೫ರ ರೈಫಲ್ ಒಂದು.

ರೈಫಲಿನ ನಳಿಗೆಯೊಳಗೆ ಸುರುಳಿ ಸುರುಳಿಯಾಗಿ ಗೆರೆಗಳನ್ನು ಕೊರೆದಿರುತ್ತಾರೆ. ಆ ಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸುವುದರಿಂದ ಅದು ಓಲಾಡದೆ ನೆಟ್ಟಗೆ ಹೋಗುತ್ತದೆ. ಚರೆಯ ಶಕ್ತಿ ನಾಲ್ವತ್ತು ಗಜಗಳಾಚೆಗೆ ಕುಂದಿದರೆ, ರೈಫಲಿನ ಗುಂಡು ಗುರಿ ತಪ್ಪಿದಾಗ ಮೈಲಿಯಾಚೆಗೂ ಹೋಗಬಲ್ಲದು. "ಗುಂಡು ಎಲ್ಲಿ ನಿಲ್ಲುತ್ತದೆ ಎಂಬುದು ತಿಳಿಯದೆ ಇದನ್ನು ಕೈಗೆತ್ತಿಕೊಳ್ಳಬೇಡ, ಮಾಣಿ" ಎಂದು ತೀರ್ಥರೂಪರು ಹೇಳುತ್ತಿದ್ದುದು ಇನ್ನೂ ನನ್ನ ಕಿವಿಯಲ್ಲಿದೆ. ಹಿಂದೆ ಮಣ್ಣಿನ ದಿಬ್ಬವಿಲ್ಲದ ಗುರಿಗೆ ಅವರು ಎಂದೂ ಆ ರೈಫಲನ್ನು ಹಿಡಿದವರಲ್ಲ.

೧೯೮೩ರಲ್ಲಿ ಆಯುಧಗಳ ಕಾಯಿದೆಗೆ ತಿದ್ದುಪಡಿ ಬಂದು, ಒಬ್ಬನಲ್ಲಿ ಮೂರಕ್ಕಿಂತ ಹೆಚ್ಚು ಕೋವಿಗಳಿರಕೂಡದೆಂದಾಯಿತು. ನಾನು ಆಗ ಪಾಠಶಾಲೆಯಲ್ಲಿ ಓದುತ್ತಿದ್ದೆ. ತೀರ್ಥರೂಪರು ಬಹಳ ಯೋಚಿಸಲಿಲ್ಲ. ಒಂಟಿನಳಿಗೆಯದನ್ನೂ ೨೨ರ ರೈಫಲನ್ನೂ ಲೈಸೆನ್ಸುಳ್ಳ ವ್ಯಾಪಾರಿಗೆ ಕೊಟ್ಟು ಬಂದರು. "ವರ್ಷಕ್ಕೊಮ್ಮೆಯೂ ಕೈಗೆ ಬಾರದ ವಸ್ತು ಮನೆಯಲ್ಲಿರಬೇಕಾದುದಿಲ್ಲ" ಎಂದಷ್ಟೇ ಅವರು ಹೇಳಿದರು. ಬೇಟೆಯ ಕಾಲವೂ ಮುಗಿಯುತ್ತ ಬಂದಿತ್ತು. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯು ಅದನ್ನು ಬಹುಮಟ್ಟಿಗೆ ಕಟ್ಟಿಹಾಕಿತ್ತು. ೧೯೯೧ರ ತಿದ್ದುಪಡಿಯು ಉಳಿದಿದ್ದ ಕಿಂಡಿಯನ್ನೂ ಮುಚ್ಚಿತು. ಅಲ್ಲಿಂದ ಮುಂದೆ ನಮ್ಮ ಕೋವಿಗಳಿಗೆ ಉಳಿದ ಕೆಲಸವೆಂದರೆ ಸದ್ದು ಮಾಡಿ ಮಂಗಗಳನ್ನು ಓಡಿಸುವುದು, ಚುನಾವಣೆಯ ಕಾಲದಲ್ಲಿ ಪೊಲೀಸು ಠಾಣೆಗೆ ಹೋಗಿ ಕುಳಿತು ಬರುವುದು, ಮಹಾನವಮಿಯ ದಿನ ಪೂಜೆಗೊಳ್ಳುವುದು, ಇಷ್ಟೇ.

ತೀರ್ಥರೂಪರು ಕಾಲವಾದ ಮೇಲೆ ಲೈಸೆನ್ಸು ಜ್ಯೇಷ್ಠನಾದ ನನ್ನ ಹೆಸರಿಗೆ ಬಂದಿತು. ತೋಟವನ್ನು ನೋಡಿಕೊಳ್ಳುವವನು ತಮ್ಮ. ಕಾಗದಪತ್ರಗಳನ್ನು ನೋಡಿಕೊಳ್ಳುವವನು ನಾನು. ಹೀಗಿರುವಲ್ಲಿ ೨೦೧೯ರ ಡಿಸೆಂಬರಿನಲ್ಲಿ ಮತ್ತೊಂದು ತಿದ್ದುಪಡಿ ಜಾರಿಗೆ ಬಂದಿತು. ಮೂರಿದ್ದುದು ಎರಡಾಯಿತು. ಹೆಚ್ಚಿನದನ್ನು ಒಂದು ವರ್ಷದೊಳಗಾಗಿ ಠಾಣೆಗಾಗಲಿ ಲೈಸೆನ್ಸುಳ್ಳ ವ್ಯಾಪಾರಿಗಾಗಲಿ ಒಪ್ಪಿಸತಕ್ಕದ್ದು. ಪಿತ್ರಾರ್ಜಿತವೆಂದು ಬಂದುದಕ್ಕೂ ಇದೇ ಮಿತಿ.

ಮೂರರಲ್ಲಿ ಯಾವುದನ್ನು ಬಿಡತಕ್ಕದ್ದು? ಬುದ್ಧಿಯನ್ನು ಕೇಳಿದ್ದರೆ ಉತ್ತರ ಸುಲಭವಾಗಿತ್ತು. ಜೋಡುನಳಿಗೆಯದು ತೋಟಕ್ಕೆ ಬೇಕು. ರೈಫಲು ಉತ್ತಮವಾದ ಆಯುಧ. ತೀರ್ಥರೂಪರ ಆರೈಕೆಯಿಂದ ಹೊಸದರಂತೆ ಉಳಿದಿತ್ತು. ಬಿಡತಕ್ಕದ್ದು ಕೇಪಿನ ಕೋವಿ. ಆದರೆ ಈ ಮಾತನ್ನು ಎತ್ತಿದೊಡನೆ ತಾಯಿಯವರು ಊಟದ ಎಲೆಯ ಮುಂದಿನಿಂದ ಎದ್ದುಬಿಟ್ಟರು. "ನಿನ್ನಪ್ಪ ಎರಡನ್ನು ಕೊಟ್ಟುಬಂದಾಗಲೂ ಮಾವಯ್ಯನ ಕೋವಿಯನ್ನು ಮುಟ್ಟಲಿಲ್ಲ. ನಾನು ಈ ಮನೆಗೆ ಕಾಲಿಟ್ಟ ವರ್ಷದಿಂದ ಅದಕ್ಕೆ ಕುಂಕುಮವಿಟ್ಟಿದ್ದೇನೆ. ನಾನು ಹೋದ ಮೇಲೆ ಏನು ಬೇಕಾದರೂ ಮಾಡಿರಿ" ಎಂದರು. ಎಂಬತ್ತು ದಾಟಿದ ಜೀವ. ಅವರಿಗೆ ಕಾಯಿದೆಯನ್ನು ಓದಿ ಹೇಳುವ ಧೈರ್ಯ ನನಗಾಗಲಿಲ್ಲ.

ತಮ್ಮನು ಒಂದು ಉಪಾಯವನ್ನು ಹೇಳಿದನು. "ಅಣ್ಣಯ್ಯ, ನಾನೂ ಒಂದು ಲೈಸೆನ್ಸಿಗೆ ಅರ್ಜಿ ಹಾಕುತ್ತೇನೆ. ಬೆಳೆ ಕಾಯಲು ಕೇಪಿನ ಕೋವಿಗೆ ಲೈಸೆನ್ಸು ಕೊಡುವುದು ಕಾಯಿದೆಯಲ್ಲೇ ಉಂಟಲ್ಲ. ಒಂದು ನನ್ನ ಹೆಸರಿನಲ್ಲಿರಲಿ, ಎರಡು ನಿನ್ನಲ್ಲಿರಲಿ." ಉಪಾಯವು ನ್ಯಾಯವಾದುದೇ ಆಗಿತ್ತು. ಅರ್ಜಿಗೆ ಮೊದಲು ಕೋವಿಯು ಯಾವ ಸ್ಥಿತಿಯಲ್ಲಿದೆಯೋ ನೋಡೋಣವೆಂದು ಒಂದು ಮಧ್ಯಾಹ್ನ ನಾವಿಬ್ಬರೂ ಅದನ್ನು ಇಳಿಸಿ ಜಗಲಿಯ ಮೇಲಿಟ್ಟುಕೊಂಡು ಕುಳಿತೆವು.

ಹೊರಮೈ ಚೆನ್ನಾಗಿಯೇ ಇತ್ತು. ಮರದ ಹಿಡಿಯ ಮೇಲೆ ವರ್ಷವರ್ಷದ ಗಂಧ ಅರಿಸಿನಗಳ ಕಲೆ. ಆದರೆ ಗಜಕ್ಕೆ ಬಟ್ಟೆ ಸುತ್ತಿ ನಳಿಗೆಯೊಳಕ್ಕೆ ಬಿಟ್ಟರೆ ಅದು ಅರ್ಧಕ್ಕೇ ಸಿಕ್ಕಿಕೊಂಡಿತು. ಬಲವಾಗಿ ಎಳೆದಾಗ ಬಟ್ಟೆಯೊಡನೆ ತುಕ್ಕಿನ ಹೊಟ್ಟು ಉದುರಿ ಜಗಲಿಯೆಲ್ಲ ಕೆಂಪಾಯಿತು. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಕರಿಮದ್ದು ಉರಿದ ಮೇಲೆ ನಳಿಗೆಯಲ್ಲುಳಿಯುವ ಕಿಟ್ಟವು ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಆದಕಾರಣ ಈಡಾದ ದಿನವೇ ಬಿಸಿನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು. ಅಜ್ಜ ಹಾಗೆ ಮಾಡುತ್ತಿದ್ದರು, ತೀರ್ಥರೂಪರೂ ಮಾಡುತ್ತಿದ್ದರು. ನಾವು? ಕೊಯ್ಲಿನ ಕಾಲದಲ್ಲಿ ತಮ್ಮನು ಮಂಗಗಳಿಗೆಂದು ಒಂದೆರಡು ಬರಿಯ ಮದ್ದಿನ ಈಡು ಹೊಡೆದು ಗೂಟಕ್ಕೆ ಒರಗಿಸಿಬಿಡುತ್ತಿದ್ದನು. ಅವನು ತೊಳೆದಿರುವನೆಂದು ನಾನು, ನಾನು ರಜೆಯಲ್ಲಿ ನೋಡಿಕೊಂಡಿರುವೆನೆಂದು ಅವನು. ಅದರ ಮೇಲೆ ನಮ್ಮ ಮಲೆನಾಡಿನ ಮಳೆಗಾಲ.

ಪೇಟೆಯ ಕೋವಿ ರಿಪೇರಿಯವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಕೇಪು ಕೂರುವ ಬುಡದಲ್ಲಿ ಕಬ್ಬಿಣ ತೆಳ್ಳಗಾಗಿ ಹೋಗಿದೆ, ಮೇಷ್ಟ್ರೇ. ಮುಂದಿನ ಈಡಿಗೆ ನಳಿಗೆ ಒಡೆದಿದ್ದರೆ ಹೊಡೆದವರ ಕಣ್ಣು ಹೋಗುತ್ತಿತ್ತು" ಎಂದರು. ತಮ್ಮನು ನನ್ನ ಮುಖವನ್ನು ನೋಡಿದನು. ನಾನು ನೆಲವನ್ನು ನೋಡಿದೆನು. ಹಿಂದಿನ ಕೊಯ್ಲಿನಲ್ಲಿ ಅವನು ಅದನ್ನು ಕೆನ್ನೆಗೆ ಆನಿಸಿ ಹೊಡೆದಿದ್ದನು; ಪಕ್ಕದಲ್ಲಿ ಅವನ ಮಗಳು ನಿಂತಿದ್ದಳು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಪೂಜೆಯನ್ನು ನಾವು ತಪ್ಪಿಸಿರಲಿಲ್ಲ, ಆರೈಕೆಯನ್ನು ತಪ್ಪಿಸಿದ್ದೆವು. ಮಹಾಭಾರತದ ಮಹಾಪ್ರಸ್ಥಾನಿಕ ಪರ್ವವನ್ನು ಎಷ್ಟೋ ಸಲ ಓದಿದ್ದೇನೆ. ಎಲ್ಲವನ್ನೂ ತೊರೆದು ಹೊರಟ ಅರ್ಜುನನು ಗಾಂಡೀವವನ್ನು ಮಾತ್ರ ಬಿಡಲಾರದೆ ಹೆಗಲಮೇಲೆ ಹೊತ್ತು ನಡೆಯುತ್ತಾನೆ. ಅದಕ್ಕೆ ಕಾರಣ ಶ್ರೇಷ್ಠವಸ್ತುವಿನ ಮೇಲಿನ ಲೋಭವೆಂದು ವ್ಯಾಸರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಕಡೆಗೆ ಅಗ್ನಿಯು ಅಡ್ಡನಿಂತು, ಇದರ ಕೆಲಸ ಮುಗಿಯಿತು, ವರುಣನಿಗೆ ಹಿಂದಿರುಗಿಸು ಎಂದ ಮೇಲೆ ಬಿಲ್ಲನ್ನೂ ಅಕ್ಷಯವಾದ ಬತ್ತಳಿಕೆಗಳನ್ನೂ ಅವನು ನೀರಿಗೆ ಹಾಕುತ್ತಾನೆ. ಗಾಂಡೀವಕ್ಕೇ ಕೆಲಸ ಮುಗಿಯುವ ದಿನವೊಂದು ಬಂದಿತಾದರೆ ಅಜ್ಜನ ಕೇಪಿನ ಕೋವಿಗೆ ಬಾರದಿರುವುದೆ? ಬಿಡದಿರುವುದೆಲ್ಲ ಭಕ್ತಿಯಲ್ಲವೆಂಬುದು ನನಗೆ ಆ ರಾತ್ರಿ ಹೊಳೆಯಿತು.

ಮರುದಿನ ತಾಯಿಯವರ ಬಳಿ ಕುಳಿತು ತುಕ್ಕಿನ ಬಟ್ಟೆಯನ್ನು ತೋರಿಸಿದೆನು. ರಿಪೇರಿಯವರ ಮಾತನ್ನೂ ತಿಳಿಸಿದೆನು. ಅವರು ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮೊಮ್ಮಗಳ ಹೆಸರು ಕೇಳಿದ ಮೇಲೆ ವಾದಿಸಲಿಲ್ಲ. "ಈ ನವಮಿಗೊಂದು ಇರಲಿ" ಎಂದರು. ೨೦೨೦ರ ಆ ನವರಾತ್ರಿಯಲ್ಲಿ ಕೊರೋನಾದ ದೆಸೆಯಿಂದ ನೆಂಟರಿಷ್ಟರು ಯಾರೂ ಬರಲಿಲ್ಲ. ಮೂರು ಕೋವಿಗಳಿಗೂ ಕಡೆಯ ಸಲ ಒಟ್ಟಿಗೆ ಪೂಜೆ ನಡೆಯಿತು. ಮುಂದಿನ ತಿಂಗಳು ತಮ್ಮನೂ ನಾನೂ ಕೇಪಿನ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ರಶೀದಿ ಪಡೆದೆವು. ದಾರಿಯಲ್ಲಿ ತಮ್ಮನು ಒಂದು ಮಾತನ್ನೂ ಆಡಲಿಲ್ಲ. ಲೈಸೆನ್ಸಿನ ಅರ್ಜಿಯ ವಿಷಯವನ್ನು ಅವನೂ ಮತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಮನೆಯಲ್ಲಿರುವುವು ಎರಡೇ. ಗೋಡೆಯ ಗೂಟಗಳನ್ನು ಕೀಳಿಸಿ, ಬೀಗದ ಕಬ್ಬಿಣದ ಪೆಟ್ಟಿಗೆಯೊಂದನ್ನು ಮಾಡಿಸಿದ್ದೇನೆ. ತೋಟಾಗಳಿಗೆ ಬೇರೆಯೇ ಬೀಗ. ಪ್ರತಿ ತಿಂಗಳ ಮೊದಲ ಭಾನುವಾರ ನಾವಿಬ್ಬರೂ ಜಗಲಿಯಲ್ಲಿ ಕುಳಿತು ಎರಡರ ನಳಿಗೆಯನ್ನೂ ಒರೆಸಿ, ಎಣ್ಣೆ ಸವರಿ, ಬೆಳಕಿಗೆ ಹಿಡಿದು ನೋಡುತ್ತೇವೆ. ತೋಟಾಗಳನ್ನು ಎಣಿಸಿ ಪುಸ್ತಕದಲ್ಲಿ ಬರೆಯುತ್ತೇನೆ. ಐದಿದ್ದಾಗ ಯಾವುದರ ಒಳಗನ್ನೂ ಕಾಣದಿದ್ದ ನಾನು ಈಗ ರೈಫಲಿನ ಒಳಗಿನ ಸುರುಳಿಗೆರೆಗಳನ್ನು ಒಂದೊಂದಾಗಿ ಬಲ್ಲೆನು. ತಮ್ಮನ ಮಗಳು ಎಣ್ಣೆಯ ಬಟ್ಟಲನ್ನು ಹಿಡಿದು ಎದುರಿಗೆ ಕುಳಿತಿರುತ್ತಾಳೆ. ಅವಳಿಗೆ ನಾನು ಕಲಿಸಿದ ಮೊದಲ ಪಾಠ ಗುರಿಹಿಡಿಯುವುದಲ್ಲ. ಗುಂಡು ಎಲ್ಲಿ ನಿಲ್ಲುತ್ತದೆ ಎಂದು ಕೇಳಿಕೊಳ್ಳುವುದು.

ವಾಚಕರ ಮನೆಗಳಲ್ಲಿ ಕೋವಿಗಳಿರಲಾರವು. ಆದರೆ ಅಟ್ಟದ ಮೇಲೆ ಕಿಲುಬು ಹಿಡಿದ ಹಂಡೆಗಳೂ, ಗೆದ್ದಲು ಮುಟ್ಟಿದ ಗ್ರಂಥಗಳೂ, ಶ್ರುತಿಗೆ ಬಾರದ ವೀಣೆಯೂ ಹಿರಿಯರ ಹೆಸರಿನಲ್ಲಿ ಇದ್ದೇ ಇರುವುವು. ಅವುಗಳಲ್ಲಿ ನಮ್ಮ ಕೈಯಿಂದ ಆರೈಕೆಯಾಗಬಲ್ಲವು ಎಷ್ಟೆಂದು ಒಮ್ಮೆ ಇಳಿಸಿ ನೋಡುವುದು ಲೇಸು. ಅಷ್ಟನ್ನು ಚೆನ್ನಾಗಿ ಉಳಿಸಿಕೊಂಡು ಮಿಕ್ಕುದನ್ನು ಗೌರವದಿಂದ ಬೀಳ್ಕೊಟ್ಟರೆ ಹಿರಿಯರು ಮುನಿಯಲಾರರು.

ಅಜ್ಜನ ಮದ್ದಿನ ಬುರುಡೆಯೊಂದು ನಮ್ಮಲ್ಲಿ ಉಳಿದಿದೆ. ಎಮ್ಮೆಯ ಕೊಂಬಿನಿಂದ ಮಾಡಿದ್ದು. ಒಳಗೆ ಏನೂ ಇಲ್ಲ. ಮಹಾನವಮಿಯ ದಿನ ತಾಯಿಯವರು ಅದನ್ನು ತಾವೇ ತೊಳೆದು, ಒರೆಸಿ, ಒಣಗಿಸಿ, ಆಮೇಲೆ ಕುಂಕುಮವಿಡುತ್ತಾರೆ.