ಅನಾತೋತಿನ ಹೊಲ, ಲಗ್ಗೆರೆಯ ಮನೆ



ಮನೆ ಕೊಳ್ಳುವ ವಿಷಯವಾಗಿ ಗುರುವೊಬ್ಬನಿಗೆ ಮಾತನಾಡಲು ಏನು ಅರ್ಹತೆಯಿದೆ ಎಂದು ನೀವು ಕೇಳಬಹುದು. ನಿಜವೇ. ಗುರುದೀಕ್ಷೆ ಪಡೆದಂದಿನಿಂದ ನಾನು ವಾಸಿಸಿದ ಮನೆಗಳೆಲ್ಲವೂ ಧರ್ಮಕ್ಷೇತ್ರಕ್ಕೆ ಸೇರಿದವು. ಬಾಡಿಗೆಯ ಚಿಂತೆಯಾಗಲಿ, ಸಾಲದ ಕಂತಿನ ಭಯವಾಗಲಿ ನನ್ನನ್ನು ಕಾಡಿದ್ದಿಲ್ಲ. ಬಹುಶಃ ಆ ಕಾರಣದಿಂದಲೇ ನಾನೊಂದು ತಪ್ಪು ಮಾಡಿದೆ. ಅದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಲೆಂದೇ ಈ ಬರಹ.

ಕೊಪ್ಪಳ ಜಿಲ್ಲೆಯ ನವಲಿಯ ದಂಪತಿಗಳು ದುಡಿಮೆಗಾಗಿ ಬೆಂಗಳೂರಿಗೆ ಹೋಗಿ ಹದಿನೈದು ವರ್ಷಗಳಾಗಿವೆ. ಆತ ಕಟ್ಟಡಗಳಲ್ಲಿ ವಿದ್ಯುತ್ ಕೆಲಸ ಮಾಡುತ್ತಾನೆ. ಆಕೆ ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿಯುತ್ತಾಳೆ. ಲಗ್ಗೆರೆಯ ಇಕ್ಕಟ್ಟಾದ ಓಣಿಯೊಂದರಲ್ಲಿ ಬಾಡಿಗೆಯ ವಾಸ. ಊರಿನಲ್ಲಿ ಎರಡು ಎಕರೆ ಒಣಭೂಮಿ ಮತ್ತು ವೃದ್ಧ ತಾಯಿ. ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿದ್ದರಿಂದ ನವಲಿಯ ಬಳಿ ಸಮತೋಲನ ಜಲಾಶಯವೊಂದನ್ನು ನಿರ್ಮಿಸುವ ಪ್ರಸ್ತಾಪವಿರುವುದು ನಿಮಗೂ ತಿಳಿದಿದೆ. ಹೊಲ ಉಳಿಯುವುದೋ ಮುಳುಗುವುದೋ ಎಂಬ ಅಳುಕು ಆ ಮನೆಯಲ್ಲಿಯೂ ಇತ್ತು.

2022ರಲ್ಲಿ ಒಂದು ರಾತ್ರಿ ಆತನ ಕರೆ ಬಂದಿತು. "ಫಾದರ್, ಇಲ್ಲೇ ಓಣ್ಯಾಗ ಒಂದು ಫ್ಲ್ಯಾಟ್ ನೋಡೇವ್ರಿ. ಇಪ್ಪತ್ತೆಂಟು ಲಕ್ಷ. ನಾಳೆ ಮುಂಗಡ ಕೊಡೂದೈತಿ. ಪ್ರಾರ್ಥನಾ ಮಾಡ್ರಿ" ಎಂದ. ನಾನು ಪ್ರಾರ್ಥಿಸಿದೆ. ದೇವರು ನಡೆಸುತ್ತಾರೆ, ಧೈರ್ಯವಾಗಿರು ಎಂದೆ. ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಒಂದು ಎಕರೆ ಮಾರಿ ಬಂದ ಹಣಕ್ಕೆ ಉಳಿತಾಯವನ್ನೂ ಸೇರಿಸಿ ಅವರು ಆರು ಲಕ್ಷ ಮುಂಗಡ ಕೊಟ್ಟರು. ಕರಾರು ನೋಂದಣಿಯಾಗಲಿಲ್ಲ. ಸಾಲಕ್ಕೆಂದು ಬ್ಯಾಂಕಿಗೆ ಹೋದಾಗ ಸತ್ಯ ಹೊರಬಿದ್ದಿತು: ಮೂರು ಮಹಡಿಗೆ ಪಡೆದ ಅನುಮತಿಯಲ್ಲಿ ಐದು ಮಹಡಿ ಎದ್ದಿದ್ದವು; ಸ್ವಾಧೀನಾನುಭವ ಪತ್ರವಿರಲಿಲ್ಲ. ಸಾಲ ದೊರೆಯಲಿಲ್ಲ. ಎರಡು ವರ್ಷ ಅಲೆದಾಡಿದ ಮೇಲೆ ಮುಂಗಡದ ಅರ್ಧದಷ್ಟು ಮಾತ್ರ ಹಿಂತಿರುಗಿತು.

ನವಲಿಗೆ ಹೋದಾಗ ಆತನ ತಾಯಿಯನ್ನು ಕಂಡೆ. ಆಕೆ ದೂರಲಿಲ್ಲ. "ಹೊಲ ಹೋದ್ರ ಹೋಗ್ಲಿ ಬಿಡ್ರಿ ಫಾದರ್. ಆದ್ರ ನೀವು ಓದಿದವ್ರು, ಕಾಗದ ನೋಡೀರೇನು ಅಂತ ಒಂದ್ ಮಾತು ಕೇಳಬೇಕಿತ್ತು" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿ ಪ್ರವಾದಿ ಯೆರೆಮೀಯನ ಗ್ರಂಥದ 32ನೆಯ ಅಧ್ಯಾಯವನ್ನು ತೆರೆದೆ. ಬಾಬಿಲೋನಿನ ಸೇನೆ ಜೆರುಸಲೇಮನ್ನು ಮುತ್ತಿದೆ, ಪ್ರವಾದಿ ಸೆರೆಯಲ್ಲಿದ್ದಾನೆ. ಅಂಥ ಹೊತ್ತಿನಲ್ಲಿ ಆತ ಅನಾತೋತಿನ ಹೊಲವನ್ನು ಕೊಳ್ಳುತ್ತಾನೆ. ಭರವಸೆಯ ಸಂಕೇತವೆಂದು ಇದರ ಮೇಲೆ ನಾನು ಎಷ್ಟೋ ಬಾರಿ ಪ್ರಬೋಧನೆ ಮಾಡಿದ್ದೆ. ಆದರೆ ಆ ಅಧ್ಯಾಯ ಕಾಗದಪತ್ರಗಳ ಬಗ್ಗೆ ಎಷ್ಟೊಂದು ಹೇಳುತ್ತದೆ ಎಂಬುದನ್ನು ಗಮನಿಸಿರಲಿಲ್ಲ. ಆತ ಹದಿನೇಳು ಶೆಕೆಲ್ ಬೆಳ್ಳಿಯನ್ನು ತೂಗಿ ಕೊಡುತ್ತಾನೆ. ಕ್ರಯಪತ್ರಕ್ಕೆ ಸಹಿ ಹಾಕಿ, ಸಾಕ್ಷಿಗಳನ್ನು ಕರೆಸುತ್ತಾನೆ. ಮುದ್ರೆ ಹಾಕಿದ ಪ್ರತಿ, ತೆರೆದ ಪ್ರತಿ ಎರಡನ್ನೂ ಬಹುಕಾಲ ಉಳಿಯುವಂತೆ ಮಣ್ಣಿನ ಮಡಕೆಯಲ್ಲಿ ಇಡಿಸುತ್ತಾನೆ. ದೇವರಲ್ಲಿ ಅಷ್ಟು ಅಚಲ ನಂಬಿಕೆಯಿದ್ದವನು ಪತ್ರದಲ್ಲಿ ಒಂದು ಅಕ್ಷರವನ್ನೂ ಸಡಿಲ ಬಿಡಲಿಲ್ಲ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚನ್ನು ಲೆಕ್ಕ ಹಾಕಬೇಕೆಂದು ಪ್ರಭು ಯೇಸು ಹೇಳಿದ್ದನ್ನು ಸಂತ ಲೂಕರು ದಾಖಲಿಸಿದ್ದಾರೆ. ವಿಚಾರಿಸಿ ನೋಡುವುದು ಅವಿಶ್ವಾಸವಲ್ಲ. ವಿಚಾರಿಸದೆ ಆಶೀರ್ವದಿಸುವುದು ಕುರುಬನ ಸೋಮಾರಿತನ.

ಆದ್ದರಿಂದ ಅಂದು ನಾನು ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಇಂದು ನಿಮಗೆ ಕೇಳುತ್ತೇನೆ. ಆ ಕಟ್ಟಡ 2016ರ ರೇರಾ ಕಾಯ್ದೆಯಡಿ ನೋಂದಣಿಯಾಗಿದೆಯೇ? ನೋಂದಣಿಯಾಗಿದ್ದರೆ, ಮಾರಾಟದ ಕರಾರನ್ನು ನೋಂದಾಯಿಸುವ ಮುನ್ನ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ. ಆದರೆ ನಿವೇಶನ 500 ಚದರ ಮೀಟರ್ ಮೀರದಿದ್ದರೆ, ಇಲ್ಲವೇ ಮನೆಗಳ ಸಂಖ್ಯೆ ಎಂಟನ್ನು ಮೀರದಿದ್ದರೆ ನೋಂದಣಿ ಕಡ್ಡಾಯವಲ್ಲ. ಬಡವರ ಕೈಗೆಟಕುವ ಓಣಿಗಳ ಕಟ್ಟಡಗಳು ಬಹುಪಾಲು ಇಂಥವೇ. ಅಲ್ಲಿ ಎಚ್ಚರ ಇಮ್ಮಡಿಯಾಗಬೇಕು. ಮಂಜೂರಾದ ನಕ್ಷೆಯಲ್ಲಿ ಎಷ್ಟು ಮಹಡಿಗಳಿವೆ? ಸ್ವಾಧೀನಾನುಭವ ಪತ್ರವಿದೆಯೇ? ಅದಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸರ್ವೋಚ್ಚ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ನಿರ್ದೇಶಿಸಿದೆ. ಋಣಭಾರ ಪತ್ರದಲ್ಲಿ ಹಳೆಯ ಸಾಲವೇನಾದರೂ ಇದೆಯೇ? ಹೇಳಿದ ಚದರ ಅಡಿಯಲ್ಲಿ ಗೋಡೆಯೊಳಗೆ ನಿಮಗೆ ದಕ್ಕುವುದೆಷ್ಟು, ಮೆಟ್ಟಿಲು ಮೊಗಸಾಲೆಯ ಪಾಲೆಷ್ಟು? ಮುದ್ರಾಂಕ ಶುಲ್ಕವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೀರಾ? ನೋಂದಣಿ ಶುಲ್ಕವೂ ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ.

ಇದು ಹಣದ ಪ್ರಶ್ನೆ ಮಾತ್ರವಲ್ಲ. ಹೊಸ ಮನೆ ಕಟ್ಟುವವನು ಮಾಳಿಗೆಗೆ ಕೈಪಿಡಿಗೋಡೆ ಕಟ್ಟಬೇಕು, ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಮನೆಗೆ ತಟ್ಟುತ್ತದೆ ಎಂದು ಧರ್ಮೋಪದೇಶಕಾಂಡ ಎಚ್ಚರಿಸುತ್ತದೆ. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು ಕೂಲಿಕಾರರು ಪ್ರಾಣ ಕಳೆದುಕೊಂಡುದನ್ನು ನಾವು ಮರೆಯಲಾಗದು.

ಕಳೆದ ವರ್ಷ ಆ ದಂಪತಿಗಳು ಲಗ್ಗೆರೆಯಲ್ಲಿಯೇ ಇನ್ನೂ ಚಿಕ್ಕದಾದ ಮನೆಯೊಂದನ್ನು ಕೊಂಡರು. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಮನೆ ಆಶೀರ್ವಾದಕ್ಕೆ ಹೋದಾಗ, ಪವಿತ್ರ ಜಲ ಚಿಮುಕಿಸುವ ಮುನ್ನ ನಾನು ಕಾಗದಗಳನ್ನು ಕೇಳಿದೆ. ಆಕೆ ನಕ್ಕು, ಅಕ್ಕಿಡಬ್ಬಿಯ ಹಿಂದಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದಳು. ಎಲ್ಲವೂ ಇದ್ದವು. ನನಗೆ ಯೆರೆಮೀಯನ ಮಡಕೆ ನೆನಪಾಯಿತು.

ಅಷ್ಟರಲ್ಲಿ ಎದುರು ಮನೆಯ ಮುಸ್ಲಿಂ ಕುಟುಂಬ ಕುರ್ಚಿಗಳನ್ನು ಕಳಿಸಿತು. ಕೆಳಮನೆಯ ತಮಿಳು ತಾಯಿ ನೀರು ತುಂಬಿಸಿಕೊಟ್ಟಳು. ನವಲಿಯಿಂದ ಬಂದಿದ್ದ ಅಜ್ಜಿ ಎಲ್ಲರಿಗೂ ಸಜ್ಜೆ ರೊಟ್ಟಿ ಹಂಚಿದಳು. ಕಿಕ್ಕಿರಿದ ವಸತಿಗಳ ಬಡವರು ಆ ಇಕ್ಕಟ್ಟನ್ನೇ ಬಾಂಧವ್ಯವಾಗಿ ಮಾರ್ಪಡಿಸಬಲ್ಲರು ಎಂದು ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಬರೆದುದರ ಅರ್ಥ ನನಗೆ ಆ ಮೆಟ್ಟಿಲುಗಳ ಮೇಲೆ ತಿಳಿಯಿತು.

ಪ್ರಿಯರೇ, ನಮ್ಮ ಧರ್ಮಕೇಂದ್ರಗಳಲ್ಲಿ ವಕೀಲರಿದ್ದಾರೆ, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರಿದ್ದಾರೆ. ಭಾನುವಾರದ ಬಲಿಪೂಜೆಯ ನಂತರ ಅರ್ಧ ಗಂಟೆ ಕುಳಿತು, ಬಡವನೊಬ್ಬನ ಕಾಗದಗಳನ್ನು ಓದಿಕೊಡಿರಿ. ಅದೂ ಒಂದು ಪ್ರಾರ್ಥನೆಯೇ. ಅಂದು ನಾನು ಮಾಡದೆ ಉಳಿಸಿದ ಪ್ರಾರ್ಥನೆ.