ಅಪ್ಪನ ಕಿವಿಗೆ ಕೇಳಿಸದ 'ಸ'

ಮಕ್ಕಳೇ, ವಾಯುಪಡೆ ಎಂದ ಕೂಡಲೇ ನಿಮ್ಮ ಕಣ್ಣಮುಂದೆ ಯಾರು ಬರುತ್ತಾರೆ? ಶಾಲೆಗಳಿಗೆ ಭೇಟಿ ಕೊಟ್ಟಾಗ ನಾನು ಈ ಪ್ರಶ್ನೆ ಕೇಳುವುದುಂಟು. ಹೆಲ್ಮೆಟ್ ಧರಿಸಿ, ಕೈಬೀಸಿ ವಿಮಾನ ಏರುವ ಪೈಲಟ್ ಎಂದೇ ಎಲ್ಲರೂ ಹೇಳುತ್ತಾರೆ. ಆದರೆ ಒಂದು ವಿಮಾನ ಮೇಲೇರಬೇಕಾದರೆ ನೆಲದ ಮೇಲೆ ಅನೇಕ ಜನ ದುಡಿಯಬೇಕು. ನನ್ನ ತಂದೆ ಅಂಥವರಲ್ಲಿ ಒಬ್ಬರು. 1970ರಿಂದ 1990ರವರೆಗೆ, ಇಪ್ಪತ್ತು ವರ್ಷ, ಭಾರತೀಯ ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದರು. ರಜೆಗೆ ಊರಿಗೆ ಬಂದಾಗ "ಎಷ್ಟು ವಿಮಾನ ಓಡಿಸಿದಿರಿ?" ಎಂದು ಯಾರಾದರೂ ಕೇಳಿದರೆ, "ಓಡಿಸುವವರು ಬೇರೆ, ಓಡುವ ಹಾಗೆ ಇಡುವವರು ಬೇರೆ" ಎಂದು ನಗುತ್ತಿದ್ದರು.

ಅವರು ಹೆಚ್ಚು ಕಾಲ ಕೆಲಸ ಮಾಡಿದ್ದು ಕಿರಣ್ ಎಂಬ ತರಬೇತಿ ವಿಮಾನದ ಮೇಲೆ. ಇದು ನಮ್ಮ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲೇ ರೂಪುಗೊಂಡದ್ದು. ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡು 1964ರಲ್ಲಿ ಮೊದಲ ಬಾರಿಗೆ ಹಾರಿತು. ಕಲಿಯುವವರು ಮತ್ತು ಕಲಿಸುವವರು ಇದರಲ್ಲಿ ಅಕ್ಕಪಕ್ಕದಲ್ಲೇ ಕೂರುತ್ತಾರೆ.

ಕಿರಣ್‌ಗೆ ಇರುವುದು ಜೆಟ್ ಎಂಜಿನ್. ಅದು ಮುಂಭಾಗದಿಂದ ಗಾಳಿಯನ್ನು ಎಳೆದುಕೊಂಡು ಒತ್ತಿ ಕುಗ್ಗಿಸುತ್ತದೆ. ಆ ಗಾಳಿಯಲ್ಲಿ ಇಂಧನ ಉರಿಯುತ್ತದೆ. ಬಿಸಿ ಅನಿಲ ರಭಸದಿಂದ ಹಿಂದಕ್ಕೆ ನುಗ್ಗಿದಾಗ ವಿಮಾನ ಮುಂದಕ್ಕೆ ತಳ್ಳಲ್ಪಡುತ್ತದೆ. ಊದಿದ ಬಲೂನಿನ ಬಾಯಿ ಬಿಟ್ಟರೆ ಏನಾಗುತ್ತದೆ, ನೆನಪಿದೆಯಲ್ಲ? ತತ್ವ ಅದೇ.

ಗಾಳಿಯನ್ನು ಎಳೆದುಕೊಳ್ಳುವ ಈ ಎಂಜಿನ್ ಒಂದು ಕಲ್ಲನ್ನೋ ನಟ್ಟನ್ನೋ ಜೊತೆಗೇ ಎಳೆದುಕೊಂಡರೆ? ಒಳಗೆ ಅತಿವೇಗವಾಗಿ ತಿರುಗುವ ಅಲಗುಗಳು ಮುರಿಯುತ್ತವೆ. ಆದ್ದರಿಂದಲೇ ವಾಯುನೆಲೆಗಳಲ್ಲಿ ಹಾರಾಟ ಆರಂಭವಾಗುವ ಮೊದಲು ಸಿಬ್ಬಂದಿ ಸಾಲಾಗಿ ನಿಂತು, ನೆಲ ನೋಡುತ್ತಾ ನಡೆದು, ಕಲ್ಲು, ತಂತಿ, ಮೊಳೆಗಳನ್ನು ಹೆಕ್ಕುತ್ತಾರೆ. ಅಪ್ಪ ಇದನ್ನು "ಅಕ್ಕಿ ಆರಿಸುವ ಕೆಲಸ" ಎನ್ನುತ್ತಿದ್ದರು. ಇದು ಅತಿ ಎಚ್ಚರಿಕೆ ಎನಿಸುತ್ತದೆಯೇ? 25 ಜುಲೈ 2000ರಂದು ಪ್ಯಾರಿಸ್‌ನಲ್ಲಿ ಕಾಂಕಾರ್ಡ್ ವಿಮಾನ ಮೇಲೇರುವಾಗ, ಇನ್ನೊಂದು ವಿಮಾನದಿಂದ ಉದುರಿದ್ದ ಸುಮಾರು 43 ಸೆಂಟಿಮೀಟರ್ ಉದ್ದದ ಲೋಹದ ಪಟ್ಟಿಯ ಮೇಲೆ ಅದರ ಚಕ್ರ ಹರಿಯಿತು. ಟಯರ್ ಸಿಡಿದು ಅದರ ತುಂಡು ಇಂಧನ ಟ್ಯಾಂಕಿಗೆ ಬಡಿಯಿತು, ಬೆಂಕಿ ಹೊತ್ತಿತು. 113 ಜನ ಸತ್ತರು. ನಿಮ್ಮ ಅಳತೆಪಟ್ಟಿಗಿಂತ ಸ್ವಲ್ಪ ಉದ್ದದ ಒಂದು ಪಟ್ಟಿ!

ಇನ್ನು ಸಲಕರಣೆಗಳ ವಿಷಯ. ಸ್ಪ್ಯಾನರ್, ಸ್ಕ್ರೂಡ್ರೈವರ್ ಎಲ್ಲಕ್ಕೂ ಹಲಗೆಯ ಮೇಲೆ ಅದರದೇ ಆಕಾರದ ಚಿತ್ರ ಬರೆದಿರುತ್ತದೆ. ಕೆಲಸ ಮುಗಿದ ಮೇಲೆ ಒಂದು ಚಿತ್ರ ಖಾಲಿ ಉಳಿದರೂ ವಿಮಾನ ಹಾರುವಂತಿಲ್ಲ, ಆ ಸ್ಪ್ಯಾನರ್ ಸಿಗಲೇಬೇಕು. ಎಲ್ಲ ಸರಿಯಿದ್ದರೆ 'ಫಾರ್ಮ್ 700' ಎಂಬ ದಾಖಲೆ ಪುಸ್ತಕದಲ್ಲಿ ಕೆಲಸ ಮಾಡಿದವರು ಸಹಿ ಹಾಕಬೇಕು. ಅದನ್ನು ನೋಡಿ ಪೈಲಟ್ ಸಹಿ ಹಾಕಿದ ಮೇಲೇ ಹಾರಾಟ. ಅಪ್ಪ ಮುಂದೆ ಮನೆಗೆ ಬಂದ ಅಂಚೆಗೆ ಸಹಿ ಹಾಕುವಾಗಲೂ ಎರಡು ಸಲ ಓದುತ್ತಿದ್ದರು. ಅಂಚೆಯಣ್ಣನಿಗೆ ಬೇಸರ ಬರುತ್ತಿತ್ತು, ಪಾಪ.

ಇಷ್ಟೆಲ್ಲ ಜೋಪಾನ ಮಾಡುತ್ತಿದ್ದ ಅಪ್ಪ ಒಂದನ್ನು ಮಾತ್ರ ಜೋಪಾನ ಮಾಡಲಿಲ್ಲ, ತಮ್ಮ ಕಿವಿಯನ್ನು. ಎಂಜಿನ್ ಪರೀಕ್ಷಿಸುವಾಗ ಕಿವಿಗಾಪು ಹಾಕಿಕೊಳ್ಳಬೇಕು. ಅವರು ಒಂದು ಬದಿಯದನ್ನು ತುಸು ಸರಿಸಿಕೊಳ್ಳುತ್ತಿದ್ದರಂತೆ. "ಎಂಜಿನ್ ತನ್ನ ಕಾಯಿಲೆಯನ್ನು ಶಬ್ದದಲ್ಲೇ ಹೇಳುತ್ತದೆ, ಕಿವಿ ಮುಚ್ಚಿಕೊಂಡರೆ ಕೇಳುವುದು ಹೇಗೆ?" ಎಂಬುದು ಅವರ ವಾದ.

ಶಬ್ದದ ಮಟ್ಟವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ನಾವು ಮಾತನಾಡುವುದು ಸುಮಾರು 60 ಡೆಸಿಬೆಲ್. 85 ದಾಟಿದರೆ, ದಿನವೂ ಗಂಟೆಗಟ್ಟಲೆ ಕೇಳುವವರ ಕಿವಿಗೆ ಅಪಾಯ. ಹತ್ತಿರದ ಜೆಟ್ ಎಂಜಿನ್ 130 ಅಥವಾ 140 ಮುಟ್ಟಬಹುದು. ಪ್ರತಿ 10 ಡೆಸಿಬೆಲ್ ಏರಿದಾಗ ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತದೆ. ಹಾಗಾದರೆ 60ರಿಂದ 140ಕ್ಕೆ ಎಷ್ಟು ಪಟ್ಟು? ಲೆಕ್ಕ ಹಾಕಿ ನೋಡಿ, ಹತ್ತು ಕೋಟಿ ಬರುತ್ತದೆ.

ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಕಾಕ್ಲಿಯ ಇದೆ. ಅದರಲ್ಲಿ ಸುಮಾರು 15 ಸಾವಿರ ರೋಮಕೋಶಗಳಿವೆ. ಕಂಪನವನ್ನು ನರದ ಸಂದೇಶವಾಗಿ ಬದಲಾಯಿಸುವುದು ಇವುಗಳ ಕೆಲಸ. ಅತಿಯಾದ ಗದ್ದಲಕ್ಕೆ ಇವು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಆದರೆ ಕೋಳಿಗಳಲ್ಲಿ ಹುಟ್ಟುತ್ತವೆ! ಇದನ್ನು ಹೇಳಿದಾಗ ಅಪ್ಪ, "ಹಾಗಾದರೆ ನಮ್ಮ ಹುಂಜವೇ ನನಗಿಂತ ಮೇಲು" ಎಂದಿದ್ದರು.

ಗದ್ದಲಕ್ಕೆ ಮೊದಲು ಬಲಿಯಾಗುವುದು ಕೀಚಲು ಶಬ್ದಗಳನ್ನು ಗ್ರಹಿಸುವ ಕೋಶಗಳು, ಅಂದರೆ 4000 ಹರ್ಟ್ಸ್ ಆಸುಪಾಸಿನವು. ಜೀರುಂಡೆಯ ದನಿ ಅಲ್ಲಿರುತ್ತದೆ. ನಮ್ಮ 'ಸ' ಅಕ್ಷರದ ಉಸಿರೂ ಅಂಥದ್ದೇ ಎತ್ತರದ ಶಬ್ದ. ಸ್ವರಗಳಾದ ಅ, ಆ, ಒ ಕೆಳಗಿನ ಆವೃತ್ತಿಯವು. ಇದರಿಂದ ನಮ್ಮ ಮನೆಯಲ್ಲಿ ಏನಾಯಿತು ಗೊತ್ತೇ? "ಸಾರು ಬೇಕಾ?" ಎಂದರೆ ಅಪ್ಪನಿಗೆ "ಆರು ಬೇಕಾ?" ಎಂದು ಕೇಳಿಸುತ್ತಿತ್ತು. "ಆರು ಯಾಕೆ, ಎರಡು ಸಾಕು" ಎಂದು ತಟ್ಟೆಯಲ್ಲಿದ್ದ ರೊಟ್ಟಿ ತೋರಿಸುತ್ತಿದ್ದರು. "ಸಕ್ಕರೆ" ಎಂಬುದು "ಅಕ್ಕರೆ"ಯಾಗುತ್ತಿತ್ತು. ನಾವು ನಗುತ್ತಿದ್ದೆವು, ಅವರೂ ನಗುತ್ತಿದ್ದರು. ಆದರೆ ನನ್ನ ಮಗಳು ಹುಟ್ಟಿ, ತೊದಲು ನುಡಿಯಲ್ಲಿ ಅಜ್ಜನ ಕಿವಿಯ ಹತ್ತಿರ ಗುಟ್ಟು ಹೇಳತೊಡಗಿದಾಗ ಅವರು ನಗಲಿಲ್ಲ. ಗುಟ್ಟು ಎಂದರೆ ಬರೀ ಉಸಿರು, ಅದರಲ್ಲಿ ತಗ್ಗಿನ ದನಿಯೇ ಇರುವುದಿಲ್ಲ. ಅವಳು ಹೇಳಿ ಮುಗಿಸುವವರೆಗೆ ತಲೆಯಾಡಿಸಿ, ಆಮೇಲೆ ನನ್ನ ಕಡೆ ತಿರುಗಿ "ಏನಂತೆ?" ಎಂದು ಕಣ್ಣಲ್ಲೇ ಕೇಳುತ್ತಿದ್ದರು. ಶ್ರವಣಯಂತ್ರ ಕೊಡಿಸಿದೆವು. ಅದು ಶಬ್ದವನ್ನು ದೊಡ್ಡದು ಮಾಡಬಲ್ಲದು, ಸತ್ತ ಕೋಶವನ್ನು ಬದುಕಿಸಲಾರದು. ಪಾತ್ರೆಯ ಸದ್ದೇ ಜಾಸ್ತಿ ಎಂದು ತೆಗೆದಿಟ್ಟರು.

ನೀವೂ ಒಂದು ಪ್ರಯೋಗ ಮಾಡಿ. ಎರಡೂ ಕಿವಿಗಳನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿಕೊಂಡು, ಗೆಳೆಯರಿಗೆ ಬೆನ್ನು ಹಾಕಿ ನಿಲ್ಲಿ. ಅವರು ಹಿಂದಿನಿಂದ ಸಾರು, ಆರು, ಕಾರು, ಹಾರು ಎಂಬ ಪದಗಳನ್ನು ಮೆಲ್ಲಗೆ, ಕ್ರಮ ಬದಲಿಸಿ ಹೇಳಲಿ. ಕೇಳಿಸಿದ್ದನ್ನು ಬರೆದು ಹೋಲಿಸಿ. ಹೀಗೆ ಮುಚ್ಚಿದಾಗಲೂ ಕೀಚಲು ಶಬ್ದಗಳೇ ಹೆಚ್ಚು ಮರೆಯಾಗುತ್ತವೆ.

ನಿವೃತ್ತಿಯ ನಂತರ ಅಪ್ಪ ಹಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಕೊಟ್ಟಿಗೆಯ ಗೋಡೆಯ ಮೇಲೆ ಸ್ಪ್ಯಾನರುಗಳ ಆಕಾರವನ್ನು ಕೆಂಪು ಬಣ್ಣದಲ್ಲಿ ಬರೆದಿದ್ದರು. 2018ರಲ್ಲಿ ಅವರು ತೀರಿಕೊಂಡರು. ಅದಕ್ಕೆ ಕೆಲವು ತಿಂಗಳ ಮೊದಲು, ಪಕ್ಕದ ಹೊಲದವರು ಪಂಪು ಸರಿಯಿಲ್ಲವೆಂದು ಕರೆಯಲು ಬಂದರು. ಅವರ ಮಾತು ಅಪ್ಪನಿಗೆ ಅರ್ಧವೂ ಕೇಳಿಸಲಿಲ್ಲ. ಹೋಗಿ, ಓಡುತ್ತಿದ್ದ ಮೋಟಾರಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಅದರ ಮರದ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ತಾಗಿಸಿಕೊಂಡರು. ಗಾಳಿಗಿಂತ ಘನವಸ್ತುವಿನಲ್ಲಿ ಶಬ್ದ ಚೆನ್ನಾಗಿ ಸಾಗುತ್ತದೆ ಎಂದು ನೀವು ಓದಿದ್ದೀರಿ. ತಗ್ಗಿನ ಶಬ್ದ ಕೇಳುವ ಕೋಶಗಳು ಅವರಲ್ಲಿ ಇನ್ನೂ ಗಟ್ಟಿಯಾಗಿದ್ದವು. ಅರ್ಧ ನಿಮಿಷ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಸ್ವಿಚ್ ಆರಿಸಿ, "ಹಿಂದಿನ ಬೇರಿಂಗು ಹೋಗಿದೆ" ಎಂದರು. ಬಿಚ್ಚಿ ನೋಡಿದರೆ ಹಾಗೆಯೇ ಆಗಿತ್ತು.