ಹೆಸರುಗಳು ಬಂದ ಮೇಲೆ

ಹೋದ ಬೇಸಿಗೆ ರಜೆಯಲ್ಲಿ ನನ್ನ ಎಂಟು ವರ್ಷದ ಮೊಮ್ಮಗ ಹಿತ್ತಲಿನ ಕಾಂಪೌಂಡ್ ಗೋಡೆ ಹತ್ತಿ ಪೇರಲ ಮರದ ಕೊಂಬೆಗೆ ಜಿಗಿದ. ಕೊಂಬೆ ಕೈಗೆ ಸಿಗಲಿಲ್ಲ. ಎಡಗೈ ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡು ಬಂದೆವು. ಮಗಳು ನನಗೆ ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು. ಅವನಿಗೆ ಜಾಕಿ ಚಾನ್ ಸಿನಿಮಾಗಳ ಹುಚ್ಚು ಹಿಡಿಸಿದವನು ನಾನೇ.

ನಮ್ಮದು ಹೊಸಪೇಟೆ. 2005ರಲ್ಲಿ ಬಂದ ‘ದಿ ಮಿತ್’ ಚಿತ್ರದ ಕೆಲವು ದೃಶ್ಯಗಳನ್ನು ಪಕ್ಕದ ಹಂಪಿಯಲ್ಲೇ ತೆಗೆದದ್ದು. ಅಂದಿನಿಂದ ಆತ ನಮಗೆ ಊರಿನವನಂತೆಯೇ ಆಗಿಬಿಟ್ಟಿದ್ದ. ಆದರೆ ನನ್ನದೊಂದು ಕೆಟ್ಟ ಅಭ್ಯಾಸ. ಕತೆ ಮುಗಿದು ಹೆಸರುಗಳು ಬರತೊಡಗಿದ ಕೂಡಲೇ ‘ಏಳಪ್ಪ, ಊಟಕ್ಕೆ ನಡಿ’ ಎಂದು ಟೀವಿ ಆರಿಸುತ್ತಿದ್ದೆ. ಆತನ ಎಷ್ಟೋ ಚಿತ್ರಗಳಲ್ಲಿ ತಪ್ಪಿದ ಜಿಗಿತಗಳನ್ನು, ಬಿದ್ದ ಪೆಟ್ಟುಗಳನ್ನು ತೋರಿಸುವುದೇ ಆಮೇಲೆ.

ಕೈ ಮುರಿದ ವಾರ ಇಬ್ಬರೂ ಕೂತು ಅದನ್ನೂ ನೋಡಿದೆವು. 1986ರ ‘ಆರ್ಮರ್ ಆಫ್ ಗಾಡ್’ ಚಿತ್ರ. ಯುಗೊಸ್ಲಾವಿಯದಲ್ಲಿ ಚಿತ್ರೀಕರಣ. ಗೋಡೆಯಿಂದ ಮರಕ್ಕೆ ಜಿಗಿಯುವುದು, ನಮ್ಮ ಹುಡುಗನ ಹಾಗೆಯೇ. ಮೊದಲ ಸಲ ಸರಿಯಾಗಿಯೇ ಆಗಿತ್ತಂತೆ. ಮನಸ್ಸಿಗೆ ಒಪ್ಪದೆ ಇನ್ನೊಮ್ಮೆ ಜಿಗಿದ. ಕೊಂಬೆ ಮುರಿಯಿತು. ತಲೆ ಕಲ್ಲಿಗೆ ಬಡಿದು ಬುರುಡೆ ಒಡೆಯಿತು, ಒಂದು ಕಿವಿ ಮಂದವಾಯಿತು. ಮೂರು ವರ್ಷ ಮೊದಲು ‘ಪ್ರಾಜೆಕ್ಟ್ ಎ’ಗಾಗಿ ಗಡಿಯಾರದ ಗೋಪುರದಿಂದ ಬಟ್ಟೆಯ ಚಪ್ಪರಗಳನ್ನು ಹರಿದುಕೊಂಡು ನೆಲಕ್ಕೆ ಬಿದ್ದರೂ ಎದ್ದು ನಡೆದವನು ಆತ!

‘ಅಜ್ಜ, ಇವನಿಗೆ ಜಿಗಿಯಾಕೆ ಬರ್ತಿದ್ದಿಲ್ಲೇನು?’ ಎಂದ ಮೊಮ್ಮಗ.

ಬರುತ್ತಿತ್ತು ಎಂದೆ. ಹಾಂಗ್‌ಕಾಂಗಿನಲ್ಲಿ 1954ರಲ್ಲಿ ಹುಟ್ಟಿದ ಆತನನ್ನು ಆರೇಳು ವರ್ಷಕ್ಕೇ ಚೀನೀ ಸಂಗೀತ ನಾಟಕದ ಶಾಲೆಗೆ ಸೇರಿಸಿದರು. ಅಡುಗೆ ಕೆಲಸಕ್ಕೆಂದು ಆಸ್ಟ್ರೇಲಿಯಕ್ಕೆ ಹೋದ ತಂದೆ ಮಗನನ್ನು ಅಲ್ಲೇ ಬಿಟ್ಟಿದ್ದ. ಹತ್ತು ವರ್ಷ ಲಾಗ, ಹಾಡು, ಕತ್ತಿವರಸೆ; ತಪ್ಪಿದರೆ ಗುರುವಿನ ಬೆತ್ತ. ಆಮೇಲೂ ನೇರವಾಗಿ ನಾಯಕನಾಗಲಿಲ್ಲ. 1972ರ ‘ಫಿಸ್ಟ್ ಆಫ್ ಫ್ಯೂರಿ’ಯಲ್ಲಿ ಬ್ರೂಸ್ ಲೀ ಒದ್ದಾಗ ಖಳನಾಯಕನ ಬದಲು ಹಾರಿ ಬಿದ್ದವನು ಈತ. ಮುಖ ಯಾರಿಗೂ ಕಾಣಲಿಲ್ಲ. ‘ಡ್ರಂಕನ್ ಮಾಸ್ಟರ್’ ಹೆಸರು ತಂದುಕೊಟ್ಟದ್ದು 1978ರಲ್ಲಿ, ಗೌರವ ಆಸ್ಕರ್ ಸಿಕ್ಕಿದ್ದು 2016ರಲ್ಲಿ. ಆಸ್ಕರ್ ಮಾತಿಗೆ ಹುಡುಗ ಆಕಳಿಸಿದ. ಬೆತ್ತದ ಮಾತಿಗೆ ಮಾತ್ರ ನೆಟ್ಟಗೆ ಕೂತಿದ್ದ.

‘ಹತ್ತು ವರ್ಷ ಕಲಿತ್ರೂ ಬಿದ್ನೇನು?’

‘ಬಿದ್ದ.’

ಅವನು ತನ್ನ ಕೈಯನ್ನೇ ನೋಡಿಕೊಂಡ. ನನಗೆ ಗಂಟಲು ಕಟ್ಟಿತು.

ಮಾತು ಬದಲಿಸಲು ‘ರಂಬಲ್ ಇನ್ ದ ಬ್ರಾಂಕ್ಸ್’ ಹಾಕಿದೆ, ಈ ಸಲ ಕೊನೆಯ ಭಾಗವನ್ನೇ. ಆ ಚಿತ್ರದಲ್ಲಿ ಆತನ ಕಾಲಿನ ಗೆಣ್ಣು ಮುರಿದಿತ್ತು. ಪ್ಲಾಸ್ಟರಿನ ಮೇಲೆ ಬೂಟಿನಂತೆ ಬಣ್ಣ ಬಳಿದ ಕಾಲುಚೀಲ ಹಾಕಿಕೊಂಡು ಕೆಲಸ ಮುಂದುವರಿಸಿದ್ದ. ಹುಡುಗ ಮೊದಲ ಸಲ ನಕ್ಕ.

ಸಂಜೆ ಮಗಳು ಕೆಲಸದಿಂದ ಬಂದಾಗ ನಾವಿಬ್ಬರೂ ಜಗಲಿಯ ಮೇಲೆ ಸ್ಕೆಚ್ ಪೆನ್ನು ಹರಡಿಕೊಂಡು ಕೂತಿದ್ದೆವು. ಪ್ಲಾಸ್ಟರಿನ ಮೇಲೆ ನೀಲಿ ಅಂಗಿಯ ತೋಳು ಅರ್ಧ ಮುಗಿದಿತ್ತು. ಅವಳು ಸ್ವಲ್ಪ ಹೊತ್ತು ನಿಂತು ನೋಡಿ, ‘ಗುಂಡಿ ಬರೆಯೋದು ಮರೆತೀಯಲ್ಲಪ್ಪ’ ಎಂದಳು ನನಗೆ.